ಒದ್ದೆ ಬಲೆ

ಫೆಬ್ರವರಿ ೩

ಇವತ್ತು ಎರಡು ಲಕ್ಷ ಮಕ್ಕಳ ತಂದೆಯಾದೆ. ಅರವತ್ತು ದಾಟಿದವನಿಗೆ ಇದು ಸಣ್ಣ ಸಾಧನೆಯಲ್ಲ.

ಸೀಗಡಿ ಮರಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಬೆಳಗಿನ ತಂಪಿನಲ್ಲೇ ಬಂದವು. ಒಂದೊಂದೂ ಕಣ್ಣರೆಪ್ಪೆಯ ಕೂದಲಿನಷ್ಟು. ಚೀಲಗಳನ್ನು ಅರ್ಧ ಗಂಟೆ ಕೊಳದಲ್ಲಿ ತೇಲಬಿಟ್ಟು, ಬಾಯಿ ಬಿಚ್ಚಿ, ಕೊಳದ ನೀರನ್ನು ಚೊಂಬಿನಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ, ಅವಕ್ಕೆ ಅಭ್ಯಾಸವಾದ ಮೇಲೆ ಬಿಟ್ಟೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಎರಡು ಗಂಟೆ ಚೊಂಬು ಬಗ್ಗಿಸಿದ ನನ್ನನ್ನು ಏರಿಯ ಮೇಲಿಂದ ನೋಡಿದ ಹೆಂಡತಿ, ಇರೋ ಒಬ್ಬ ಮಗಳಿಗೆ ಒಂದು ದಿನ ಸ್ನಾನ ಮಾಡಿಸಿದವರಲ್ಲ ಎಂದು ಹೇಳಿ ಮನೆಗೆ ಹೋದಳು. ನಿಜವೇ.

ಮೇಷ್ಟ್ರ ಚಟ, ಪೀಠಿಕೆ ಇಲ್ಲದೆ ಪಾಠ ಶುರುಮಾಡಲು ಬರುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದೆ. ನಿವೃತ್ತಿಯಾದ ವಾರವೇ ಬೀಗರು ಬಂದರು. ಬೀಗರು ಎಂದರೆ ಮಗಳ ಮಾವ. ಇಲ್ಲಿಂದ ಹತ್ತು ಮೈಲಿ ಆಚೆ ಬೇರೊಂದು ಕಾಲುವೆಯ ಮೇಲೆ ಅವರಿಗೆ ನಾಲ್ಕು ಸೀಗಡಿ ಕೊಳಗಳಿವೆ, ಒಂಬತ್ತು ವರ್ಷದ ಅನುಭವವಿದೆ. ನಾಲ್ಕು ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ, ಹಡಗು ಹತ್ತುವ ಮಾಲು, ಎಷ್ಟು ಬೆಳೆದರೂ ಕೊಳ್ಳುವವರಿದ್ದಾರೆ, ನಿಮ್ಮಂಥ ಓದಿದವರು ಇದಕ್ಕೆ ಬರಬೇಕು ಎಂದರು. ರೋಗ ಬಂದರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ಹೂಂ ಅಂದೆ. ಅವರ ಮಾತಿಗೆ ಇಲ್ಲ ಅನ್ನುವುದು ನನಗೆ ಹುಟ್ಟಿಬಂದಿಲ್ಲ. ಮಗಳನ್ನು ಕೊಟ್ಟ ಮನೆ, ಮದುವೆಯಾಗಿ ಇನ್ನೂ ಒಂದೂವರೆ ವರ್ಷ. ನಾನೊಂದು ಕೊಂಕು ಮಾತಾಡಿ, ಅದು ಅಲ್ಲಿ ಅವಳ ಊಟದ ತಟ್ಟೆಯ ಪಕ್ಕದಲ್ಲಿ ಬಂದು ಕೂತರೆ? ಹೀಗೆ ಯೋಚಿಸಿ ಯೋಚಿಸಿ, ನಿವೃತ್ತಿಯಲ್ಲಿ ಬಂದದ್ದನ್ನೆಲ್ಲ ಒಂದು ಎಕರೆ ನೀರಿಗೆ ಸುರಿದಿದ್ದೇನೆ.

ಫೆಬ್ರವರಿ ೯

ಏರಿ ಹತ್ತುವ ಜಾಗದಲ್ಲಿ ತೊಟ್ಟಿ ಕಟ್ಟಿಸಿ ಬ್ಲೀಚಿಂಗ್ ಪೌಡರಿನ ನೀರು ತುಂಬಿಸಿದೆ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಹಲಗೆ: ‘ಕಾಲು ಅದ್ದದೆ ಏರಿ ಹತ್ತಬಾರದು. ಹೊರಗಿನ ಬಲೆ, ಬಕೆಟ್ಟು ತರಬಾರದು. ಯಾರಿಗೂ ವಿನಾಯಿತಿ ಇಲ್ಲ.’ ಕೊನೆಯ ಸಾಲಿಗೆ ಕೆಂಪು ಬಣ್ಣ.

ಹಲಗೆ ಓದಲು ಟೈಲರಮ್ಮ ಬಂದಿದ್ದಳು. ಇದೇ ಕಾಲುವೆಯಲ್ಲಿ ನನ್ನ ಕೆಳಗಿನ ಕೊಳ ಅವಳದು. ಪೇಟೆಯಲ್ಲಿ ಹೊಲಿಗೆ ಅಂಗಡಿ, ಗಂಡ ಇಲ್ಲ, ಇಪ್ಪತ್ತು ವರ್ಷ ರವಿಕೆ ಹೊಲಿದು ಉಳಿಸಿದ್ದನ್ನು ಅವಳೂ ಈ ಸಲ ನೀರಿಗೆ ಹಾಕಿದ್ದಾಳೆ. ನಾನು ತೂಬು ತೆಗೆದು ಬಿಡುವ ನೀರೇ ಮುಂದೆ ಅವಳ ಪಂಪಿಗೆ ಸಿಗುವುದು. ಬಿಳಿ ಚುಕ್ಕೆ ರೋಗ ನೀರಿನಲ್ಲಿ, ಏಡಿಯ ಕಾಲಿನಲ್ಲಿ, ಒದ್ದೆ ಬಲೆಯಲ್ಲಿ ಹೇಗೆ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗುತ್ತದೆ, ಒಮ್ಮೆ ಹೊಕ್ಕರೆ ಇಡೀ ಕೊಳ ವಾರದಲ್ಲಿ ಹೇಗೆ ಖಾಲಿಯಾಗುತ್ತದೆ ಎಂದು ನಲವತ್ತು ನಿಮಿಷ ಪಾಠ ಮಾಡಿದೆ. ಅವಳು ಅಳತೆ ಬರೆಯುವ ಪುಸ್ತಕದಲ್ಲಿ ಎಲ್ಲ ಬರೆದುಕೊಂಡಳು. ಗಂಟೆ ಹೊಡೆಯುವವರಿಲ್ಲದ ತರಗತಿ ಎಷ್ಟು ಚೆಂದ!

ಮಾರ್ಚ್ ೧

ಕೊಳದಲ್ಲಿ ಹಸಿರು ನೀರು ಬಿಟ್ಟರೆ ಏನೂ ಕಾಣುವುದಿಲ್ಲ. ದಿನಕ್ಕೆ ನಾಲ್ಕು ಸಲ ಕಾಣದ ಮಕ್ಕಳಿಗೆ ಮೇವು ಎರಚುತ್ತೇನೆ. ಎರಡು ಗಂಟೆ ಬಿಟ್ಟು, ಹಗ್ಗ ಕಟ್ಟಿ ತಳಕ್ಕೆ ಇಳಿಸಿದ ತಟ್ಟೆಯನ್ನು ಎತ್ತಿ ನೋಡುತ್ತೇನೆ. ತಟ್ಟೆ ಖಾಲಿಯಿದ್ದರೆ ತಿಂದಿವೆ, ಆರೋಗ್ಯವಾಗಿವೆ. ಉಳಿದಿದ್ದರೆ ಗ್ರಹಚಾರ. ಖಾಲಿ ತಟ್ಟೆ ನೋಡಿ ಇಷ್ಟು ಹಿಗ್ಗುವ ಗಂಡಸನ್ನು ನಾನು ಬೇರೆ ಕಂಡಿಲ್ಲ ಎನ್ನುತ್ತಾಳೆ ಹೆಂಡತಿ.

ಮಾರ್ಚ್ ೨೨

ತಟ್ಟೆಯಲ್ಲಿ ಇವತ್ತು ಐದು ಸೀಗಡಿ ಸಿಕ್ಕವು, ನನ್ನ ಕಿರುಬೆರಳಿನ ಉದ್ದ, ಗಾಜಿನ ಹಾಗೆ ಮೈ. ಒಳಗಿನ ಕರುಳು ಕಪ್ಪು ದಾರದಂತೆ ಕಾಣುತ್ತದೆ. ಅಂಗೈಯಿಂದ ಹಾರಿ ಒಂದು ನನ್ನ ಕನ್ನಡಕಕ್ಕೇ ಬಡಿಯಿತು. ಸಂತೋಷಕ್ಕೆ ಜೋರಾಗಿ ನಕ್ಕೆ.

ಮುಂದಿನ ವರ್ಷ ಎರಡನೇ ಕೊಳ ತೋಡುವ ಬಗ್ಗೆ ಊಟದ ಹೊತ್ತಿಗೆ ಮಾತೆತ್ತಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದಳು ಹೆಂಡತಿ. ಕೂಸು ಹುಟ್ಟಿ ಐವತ್ತು ದಿನ ಆಗೋಗಿದೆ ಕಣೇ ಎಂದೆ. ಆ ಉತ್ತರ ನನಗೆ ಎಷ್ಟು ಹಿಡಿಸಿತೆಂದರೆ ಮಗಳಿಗೂ ಫೋನ್ ಮಾಡಿ ಹೇಳಿದೆ. ಅವಳು ನಗಲಿಲ್ಲ. ಮಾವನ ಕೊಳಗಳು ಹೇಗಿವೆ ಅಂದರೆ ಚೆನ್ನಾಗಿವೆ ಅಪ್ಪ ಎಂದಳು.

ಏಪ್ರಿಲ್ ೧

ಇದನ್ನು ಬರೆಯದೆ ಬಿಡಬಹುದಿತ್ತು. ಬರೆಯುತ್ತೇನೆ, ಯಾರು ಓದುತ್ತಾರೆ?

ಬೀಗರು ಹೇಳದೆ ಕೇಳದೆ ಬಂದರು. ಆ ಹೊತ್ತಿಗೆ ಸರಿಯಾಗಿ ನಾನು ತೂಕ ನೋಡಲು ಬಲೆ ಬೀಸುತ್ತಿದ್ದೆ. ನನ್ನ ಬೀಸುಬಲೆ ನೀರಿಗೆ ಬೀಳುವಾಗ ಅರಳುವುದಿಲ್ಲ, ಹಿಂಡಿ ಎಸೆದ ಟವೆಲಿನಂತೆ ಬೀಳುತ್ತದೆ. ಬೀಗರು ಎರಡು ಸಲ ನೋಡಿದರು. ಮೂರನೆಯದಕ್ಕೆ ಅವರಿಗೆ ತಡೆಯಲಾಗಲಿಲ್ಲ. ನಿಮ್ಮ ಬಲೆಯ ಅಂಚಿಗೆ ಸೀಸದ ಗುಂಡಿನ ತೂಕ ಸಾಲದು ಬೀಗರೇ, ನನ್ನದು ತರ್ತೀನಿ ಎಂದು ಜೀಪಿನ ಹಿಂದಿನಿಂದ ತಮ್ಮ ಬಲೆ ಎತ್ತಿಕೊಂಡು ಬಂದರು.

ಬಲೆ ಒದ್ದೆಯಿತ್ತು. ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆಯಷ್ಟೇ ಅವರ ಕೊಳದಲ್ಲಿ ಬೀಸಿ ತಂದದ್ದು ಎಂದು ಹೇಳಬೇಕಾಗಿರಲಿಲ್ಲ. ನನ್ನ ಹಲಗೆಯ ಎದುರಿಗೇ ನಡೆದು, ತೊಟ್ಟಿಯನ್ನು ದಾಟಿ, ಚಪ್ಪಲಿ ಕಾಲಿನಲ್ಲೇ ಏರಿ ಹತ್ತಿದರು. ಈಗ ಹೇಳಬೇಕು ಎಂದುಕೊಂಡೆ. ‘ಬೀಗರೇ, ದಯವಿಟ್ಟು ಆ ಬಲೆ ಬೇಡ.’ ಐದೇ ಪದ. ಎಂಟನೇ ತರಗತಿಯ ಪುಂಡರನ್ನು ಬೆಂಚಿನ ಮೇಲೆ ನಿಲ್ಲಿಸಿದ ಗಂಟಲು ಇದು. ಬಾಯಿ ತೆರೆದೆ. ಬಂದ ಮಾತು, ‘ಬೀಗರೇ, ಟೀ ತಗೋತೀರಾ?’

‘ಆಮೇಲೆ ಕುಡಿಯೋಣ’ ಎಂದು ಅವರು ಬೀಸಿದರು. ಒಪ್ಪಿಕೊಳ್ಳಬೇಕು, ಏನು ಬೀಸು ಅದು! ಗುಂಡಗೆ ಅರಳಿ, ಇಡೀ ಅಂಚು ಒಟ್ಟಿಗೇ ನೀರು ಮುಟ್ಟಿತು. ನಾನು ಚಪ್ಪಾಳೆ ತಟ್ಟಿದೆ. ಇದನ್ನು ಯಾರೂ ಕೇಳಿರಲಿಲ್ಲ, ನಾನಾಗಿಯೇ ತಟ್ಟಿದೆ. ಒಂದೊಂದು ಸೀಗಡಿ ಹನ್ನೆರಡು ಗ್ರಾಂ ತೂಗಿತು. ತೂಕ ಚೆನ್ನಾಗಿ ಬಂದಿದೆ, ಓದಿದವರ ಕೈ ಎಂದರು ಬೀಗರು. ಅವರು ಹೊರಟ ಮೇಲೆ ಹೆಂಡತಿ ಹಲಗೆಯನ್ನೂ ನನ್ನನ್ನೂ ನೋಡಿ, ಹೇಳೋದು ಆಚಾರ ತಿನ್ನೋದು ಬದನೆಕಾಯಿ ಎಂದು ಲೋಟ ತೊಳೆಯಲು ಹೋದಳು.

ಏಪ್ರಿಲ್ ೨

ಬೀಗರ ಕೊಳದಲ್ಲಿ ರೋಗವಿಲ್ಲ. ಇದ್ದಿದ್ದರೆ ಹೇಳುತ್ತಿದ್ದರು. ಆದ್ದರಿಂದ ಬಲೆಯಲ್ಲೂ ಇಲ್ಲ. ತರ್ಕ ಸರಿಯಾಗಿದೆ, ಪೂರ್ಣ ಅಂಕ ಕೊಡಬಹುದು.

ಏಪ್ರಿಲ್ ೭

ಮಧ್ಯಾಹ್ನದ ತಟ್ಟೆಯಲ್ಲಿ ಮೇವು ಉಳಿದಿತ್ತು. ಬಿಸಿಲಿಗೆ ಇರಬಹುದು.

ಸಂಜೆಯ ತಟ್ಟೆಯಲ್ಲೂ ಉಳಿದಿತ್ತು.

ಏಪ್ರಿಲ್ ೮

ಬೆಳಕು ಹರಿಯುವಾಗ ಹೋದೆ. ಅರವತ್ತೈದು ದಿನ ಸರಿಯಾಗಿ ಕಣ್ಣಿಗೆ ಬೀಳದೆ ಸತಾಯಿಸಿದವು ಇವತ್ತು ತಾವಾಗಿಯೇ ದಂಡೆಗೆ ಬಂದಿದ್ದವು. ಮೈ ಕೆಂಪಗೆ. ಕೈ ಹಾಕಿದರೆ ಹಾರುವುದಿಲ್ಲ, ಹಿಡಿಸಿಕೊಳ್ಳುತ್ತವೆ. ಒಂದರ ತಲೆಯ ಚಿಪ್ಪನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಬಿಳಿ ಚುಕ್ಕೆಗಳು, ಸೀಮೆಸುಣ್ಣದ ಹುಡಿ ಸಿಡಿದ ಹಾಗೆ. ಮೂವತ್ತೊಂದು ವರ್ಷ ಕೈಗೆ ಅಂಟಿದ್ದ ಅದೇ ಹುಡಿ.

ಬಕೆಟ್ಟಿನಲ್ಲಿ ಹತ್ತನ್ನು ಹಾಕಿಕೊಂಡು ಬಸ್ಸಿನಲ್ಲಿ ಪೇಟೆಯ ಲ್ಯಾಬಿಗೆ ಹೋದೆ. ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡರು, ನಾನು ಅವರ ಕ್ಷಮೆ ಕೇಳಿದೆ. ಸಂಜೆ ಲ್ಯಾಬಿನವರು ಫೋನಿನಲ್ಲಿ ಅದೇ ರೋಗ ಎಂದರು. ಮನುಷ್ಯರು ತಿಂದರೆ ಏನೂ ಆಗುವುದಿಲ್ಲ, ಸೀಗಡಿಗೆ ಮಾತ್ರ ಮದ್ದಿಲ್ಲ. ತೂಬು ಮುಚ್ಚಿಡಿ, ಬ್ಲೀಚಿಂಗ್ ಪೌಡರ್ ಹಾಕಿ ಎಲ್ಲವನ್ನೂ ಅಲ್ಲೇ ಕೊಲ್ಲಿ, ಹತ್ತು ದಿನ ಹನಿ ನೀರೂ ಕಾಲುವೆಗೆ ಬಿಡಬೇಡಿ ಎಂದರು. ಥ್ಯಾಂಕ್ಸ್ ಎಂದೆ. ಅಭ್ಯಾಸ.

ಏಪ್ರಿಲ್ ೯

ಸಾಮಾನ್ಯವಾಗಿ ನಾನು ಹೇಡಿ ಎಂದು ತಮಾಷೆಗೆ ಬರೆಯುತ್ತೇನೆ. ಇವತ್ತು ತಮಾಷೆಗಲ್ಲ.

ಬೀಗರಿಗೆ ಫೋನ್ ಮಾಡಿದೆ. ಅಯ್ಯೋ ಎಂದರು, ಪಾಪ ಎಂದರು, ತಕ್ಷಣ ವ್ಯಾಪಾರಿಯ ಹತ್ತಿರ ಮಾತಾಡಿಯೂಬಿಟ್ಟರು. ಸಣ್ಣ ಗಾತ್ರವಾದರೂ ಬದುಕಿರುವುದಕ್ಕೆ ಅರ್ಧ ಬೆಲೆ ಬರುತ್ತದೆ, ನಾಳೆ ಮಧ್ಯಾಹ್ನ ಪೆಟ್ಟಿಗೆ ಐಸು ತಗೊಂಡು ನಾನೇ ಬರ್ತೀನಿ, ತೂಬು ತೆಗೆದು ನೀರು ಬಸಿದರೆ ಒಂದೂ ಬಿಡದೆ ಸಿಗುತ್ತವೆ ಎಂದರು. ಕಾಲುವೆಗೆ ಬಿಟ್ಟರೆ ಕೆಳಗಿನವರು ಅಂತ ನಾನು ಗೊಣಗಿದೆ. ‘ಎಲ್ಲರೂ ಮಾಡೋದೇ ಬೀಗರೇ. ನೀವು ಹೇಳಿದ್ರೆ ತಾನೇ ಗೊತ್ತಾಗೋದು?’ ಎಂದರು. ನಾನು ಹೂಂ ಅಂದೆ.

ಬ್ಲೀಚಿಂಗ್ ಪೌಡರ್ ಕೇಳಲು ಪೇಟೆಗೆ ಹೋಗಿದ್ದೆನೋ, ಪೆಟ್ಟಿಗೆ ಜೋಡಿಸಲು ಹಗ್ಗ ತರಲು ಹೋಗಿದ್ದೆನೋ, ನನಗೇ ಗೊತ್ತಿಲ್ಲ. ಎರಡನ್ನೂ ತರಲಿಲ್ಲ. ಟೈಲರಮ್ಮ ಅಂಗಡಿಯಿಂದ ಕೂಗಿದಳು. ಬಿಸಿಲಿಗೆ ಕೊಳದ ನೀರು ಒಂದು ಗೇಣು ಇಳಿದಿದೆ, ಪಂಪಿನ ಬೆಲ್ಟು ನಾಳೆ ಸಾಯಂಕಾಲ ಬರುತ್ತೆ, ಬಂದ ಕೂಡಲೇ ಕಾಲುವೆಯಿಂದ ನೀರೆತ್ತಬಹುದಾ ಮೇಷ್ಟ್ರೇ ಎಂದು ಕೇಳಿದಳು. ಮೇಷ್ಟ್ರು ಎಂದರೆ ನಾನು. ನಲವತ್ತು ನಿಮಿಷ ಪಾಠ ಮಾಡಿದವನು.

ಎತ್ತಬಹುದು ಎಂದೆ.

ಅವಳು ಸೂಜಿಗೆ ದಾರ ಪೋಣಿಸಿಕೊಂಡಳು. ನಾನು ಬಸ್ ಹತ್ತದೆ ನಡೆದೇ ಮನೆಗೆ ಬಂದೆ. ಊಟ ಸೇರಲಿಲ್ಲ. ಫೋನಿನ ಮಾತು ಕೇಳಿಸಿಕೊಂಡಿದ್ದ ಹೆಂಡತಿ ತಟ್ಟೆ ಎತ್ತಿಕೊಂಡು ಹೋಗುವಾಗ ಹೇಳಿದಳು: ‘ತಾನು ಕೆಟ್ಟದ್ದಲ್ಲದೆ ವನ ಕೆಡಿಸಿದ ಕೋತಿ ಆಗ್ಬೇಡಿ. ಮಗಳ ನೆಪ ಹೇಳ್ಬೇಡಿ, ಅವಳು ಮದುವೆ ಆಗೋಕೆ ಮುಂಚೆನೂ ನೀವು ಹೀಗೇ ಇದ್ರಿ.’

ಏಪ್ರಿಲ್ ೧೦

ಎದೆಯುರಿ. ನಿನ್ನೆ ಖಾಲಿ ಹೊಟ್ಟೆಯಲ್ಲಿ ಮಲಗಿದ್ದರ ಪಿತ್ತ ಇರಬೇಕು, ಇಲ್ಲದಿದ್ದರೆ ಇವತ್ತು ನಾನು ಆಡಿದ್ದಕ್ಕೆ ಬೇರೆ ಕಾರಣ ತೋಚುವುದಿಲ್ಲ.

ಅಂಗಡಿಯ ಬಾಗಿಲು ತೆಗೆಯುವ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಟೈಲರಮ್ಮ ಬಂದಳು. ನನ್ನ ಕೊಳಕ್ಕೆ ಬಿಳಿ ಚುಕ್ಕೆ ಬಂದಿದೆ, ಕಾಲುವೆಯ ನೀರು ಮುಟ್ಟಬೇಡ, ಪಂಪಿನ ಬಾಯಿ ಕಟ್ಟಿಡು ಎಂದೆ. ಥ್ಯಾಂಕ್ಸ್ ಹೇಳಿಯಾಳು ಎಂದು ಒಳಗೊಳಗೇ ಕಾದಿದ್ದೆನೇನೋ, ನಾಚಿಕೆಗೇಡಿ.

‘ಎಷ್ಟು ದಿನದಿಂದ ಗೊತ್ತು ನಿಮಗೆ?’

‘ಮೊನ್ನೆಯಿಂದ.’

‘ಮತ್ತೆ ನಿನ್ನೆ ಎತ್ತಬಹುದು ಅಂದ್ರಲ್ಲ?’

ಅವಳು ಬೀಗ ತೆಗೆದಳು, ಮತ್ತೆ ಹಾಕಿದಳು, ಸೈಕಲ್ ಹತ್ತಿ ಕೊಳದ ಕಡೆಗೆ ಹೋದಳು. ಒಂದು ಬೈಗುಳವಾದರೂ ಬೈದಿದ್ದರೆ ಹಗುರಾಗುತ್ತಿತ್ತು.

ಮಧ್ಯಾಹ್ನ ಬೀಗರು ಬಂದರು. ಜೀಪಿನ ಹಿಂದೆ ವ್ಯಾಪಾರಿಯ ಗಾಡಿ, ಪೆಟ್ಟಿಗೆಗಳು, ಐಸು. ತೂಬಿನ ಹಲಗೆ ಎಳೆಯಲು ಅವರು ಪಂಚೆ ಎತ್ತಿ ಕಟ್ಟುವಷ್ಟರಲ್ಲಿ ನಾನು ಹೋಗಿ ಆ ಹಲಗೆಯ ಮೇಲೆ ಕೂತೆ. ಯೋಚಿಸಿ ಕೂತದ್ದಲ್ಲ. ಹತ್ತಿರದಲ್ಲಿ ಕೂರಲು ಇದ್ದದ್ದು ಅದೊಂದೇ. ಕೂತಮೇಲೆ ಏಳಲಿಲ್ಲ, ಅಷ್ಟೆ.

ಏಳಿ ಬೀಗರೇ, ಐಸು ಕರಗುತ್ತೆ ಎಂದರು. ಬೇಡ ಬೀಗರೇ ಎಂದೆ. ಅವರಿಗೆ ಕೇಳಿಸಲಿಲ್ಲವೆಂದು ತೋರುತ್ತದೆ. ಅವರಾದರೂ ಹೇಗೆ ನಂಬಿಯಾರು, ಈ ಬಾಯಿಂದ ಆ ಮಾತು ಅವರು ಕೇಳಿದವರೇ ಅಲ್ಲ. ಇನ್ನೊಮ್ಮೆ ಹೇಳಿದೆ. ವ್ಯಾಪಾರಿ ಗಾಡಿಯಿಂದ ಇಳಿದು ನೋಡಿದ. ಬೀಗರು ನನ್ನ ಪಕ್ಕಕ್ಕೆ ಬಗ್ಗಿ, ಬಹಳ ಮೃದುವಾಗಿ ಮಾತಾಡಿದರು. ಅವರ ಕೋಪ ಯಾವಾಗಲೂ ಮೃದುವೇ.

‘ನಾಲ್ಕು ಜನರ ಎದುರು ನನ್ನ ಮುಖ ಕೆಡಿಸ್ಬೇಡಿ. ನಾಳೆ ಮನೇಲಿ ಮಾತು ಬಂದ್ರೆ ಹುಡುಗಿಗೆ ತಾನೇ ಬೇಜಾರು?’

ಒಂದೂವರೆ ವರ್ಷದಿಂದ ನಾನು ಹೆದರಿದ್ದ ಮಾತು ಇದೇ. ಬಂದೇಬಿಟ್ಟಿತು. ಬಂದಮೇಲೆ ವಿಚಿತ್ರ, ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ.

‘ನಿಮ್ಮ ಬಲೆ ಒದ್ದೆಯಿತ್ತು ಬೀಗರೇ’ ಎಂದೆ. ‘ನಾನು ಅವತ್ತೇ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ತಪ್ಪು ನಂದು. ಇವತ್ತು ಅಂತೀನಿ.’

ನನ್ನ ಕೊಳದಲ್ಲಿ ಏನೂ ಇಲ್ಲ, ಬೇಕಾದ್ರೆ ಬಂದು ನೋಡಿ ಎಂದರು. ಗಾಡಿಗಳು ತಿರುಗಿ ಹೋದವು. ಮರ್ಯಾದಸ್ಥ ಮನುಷ್ಯ ಹೀಗೆ ಹಲಗೆಯ ಮೇಲೆ ಕೂತು ಬೀಗರನ್ನು ಎದುರು ಹಾಕಿಕೊಳ್ಳುವುದು ಯಾವ ಸೀಮೆಯ ಸಂಸ್ಕಾರವೋ. ನಾಳೆ ಪಿತ್ತಕ್ಕೆ ಮಾತ್ರೆ ತರಬೇಕು.

ಏಪ್ರಿಲ್ ೧೧

ಬ್ಲೀಚಿಂಗ್ ಪೌಡರ್ ಹಾಕಿದೆವು. ಹೆಂಡತಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಂದು ದಂಡೆಯಿಂದ, ನಾನು ಇನ್ನೊಂದು ದಂಡೆಯಿಂದ. ಕೊನೆಗೆ ಕೊಳದ ಮಧ್ಯೆ ನೀರು ಕುದಿದ ಹಾಗೆ ಹಾರಿದವು. ಒಂದು ಲಕ್ಷಕ್ಕಿಂತ ಹೆಚ್ಚು ಇನ್ನೂ ಬದುಕಿದ್ದವು.

ಅತ್ತುಬಿಟ್ಟೆ. ಕಣ್ಣಿಗೆ ಪೌಡರ್ ಹೋಯಿತು ಎಂದು ಹೆಂಡತಿಗೆ ಹೇಳಲು ಹೋದೆ, ಅವಳೂ ಅಳುತ್ತಿದ್ದಳು.

ಏಪ್ರಿಲ್ ೧೪

ಹೂಳುವುದು ಮುಗಿಯಿತು. ಗುಂಡಿ, ಸುಣ್ಣ, ಸೀಗಡಿ, ಮತ್ತೆ ಸುಣ್ಣ. ಮೂರು ದಿನ ಇದೇ. ಮೈಯ ವಾಸನೆ ಹೋಗುತ್ತಿಲ್ಲ.

ಸೀಗಡಿ ಮೇವಿನ ಅಂಗಡಿಯವನು ಮುಂದಿನ ಬೆಳೆಗೆ ಈಗಲೇ ಮೂಟೆ ಇಳಿಸಲಾ ಎಂದು ಕೇಳಿದ. ಈಗ ಬೇಡ ಎಂದೆ. ಒತ್ತಾಯಿಸಿದ. ಬೇಡ ಅಂದೆನಲ್ಲ ಎಂದೆ. ವಯಸ್ಸಾಗುತ್ತಾ ಸಿಡುಕನಾಗುತ್ತಿದ್ದೇನೆ.

ಏಪ್ರಿಲ್ ೨೦

ಮಗಳು ಒಬ್ಬಳೇ ಬಸ್ಸಿನಲ್ಲಿ ಬಂದಳು. ಅವಳು ಬಾಗಿಲಲ್ಲಿ ನಿಂತದ್ದು ನೋಡಿದ ಕೂಡಲೇ ನಾನು ಎದ್ದು ನಿಂತೆ. ಮಾತು ಬಂದಿದೆ, ತವರಿಗೆ ಅಟ್ಟಿದ್ದಾರೆ, ನನ್ನ ತೂಬಿನ ಹಲಗೆಯ ಸಾಹಸಕ್ಕೆ ಇವಳು ದಂಡ ಕಟ್ಟುತ್ತಿದ್ದಾಳೆ ಎಂದು ಒಂದೇ ಉಸಿರಿಗೆ ಯೋಚಿಸಿಬಿಟ್ಟೆ. ಹಾಗೇನೂ ಇರಲಿಲ್ಲ. ಬಿಳುಚಿದ್ದಳು, ನೀರು ಕುಡಿದಳು, ಕೊಳ ನೋಡಬೇಕು ಅಂದಳು.

ಕರೆದುಕೊಂಡು ಹೋದೆ. ನೋಡಲು ಏನಿದೆ, ಸತ್ತ ನೀರು. ಕೆಳಗೆ ಟೈಲರಮ್ಮನ ಕೊಳದಲ್ಲಿ ಗಾಳಿ ಸೇರಿಸಲು ನೀರು ಕಡೆಯುವ ಚಕ್ರಗಳು ಓಡುತ್ತಿದ್ದವು. ಅವಳ ತಟ್ಟೆಗಳು ಇವತ್ತಿನವರೆಗೂ ಖಾಲಿ ಎಂದು ಹೆಂಡತಿಯ ಮೂಲಕ ತಿಳಿದಿದೆ. ನನ್ನ ಹತ್ತಿರ ಅವಳು ಇನ್ನೂ ಮಾತಾಡಿಲ್ಲ.

ಏರಿಯ ಮೇಲೆ ನಿಂತು ಮಗಳು ಹೇಳಿದಳು. ಮಾವನ ಮೂರನೇ ಕೊಳ ಮಾರ್ಚ್ ತಿಂಗಳ ಕೊನೆಯಲ್ಲೇ ಸಾಯಲು ಶುರುವಾಗಿತ್ತಂತೆ. ನೀರು ಕೆಟ್ಟಿದೆ, ಸುಣ್ಣ ಹಾಕಿದರೆ ಸರಿಹೋಗುತ್ತೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರಂತೆ. ಏಪ್ರಿಲ್ ಒಂದರ ಬೆಳಿಗ್ಗೆ ಆ ಬಲೆ ಬೀಸಿ ನೋಡಿದ್ದು ಅದೇ ಕೊಳದಲ್ಲಿ.

‘ನಾನು ಅಲ್ಲೇ ಬುಟ್ಟಿ ಹಿಡ್ಕೊಂಡು ನಿಂತಿದ್ದೆ ಅಪ್ಪ. ಚುಕ್ಕೆ ನೋಡಿದೆ. ಆ ಬಲೆ ಜೀಪಿಗೆ ಹಾಕಿದ್ದೂ ನೋಡಿದೆ. ಯಾರಿಗೂ ಹೇಳ್ಬೇಡಮ್ಮ ಅಂದ್ರು. ನಿಮಗೆ ಫೋನ್ ಮಾಡೋಕೆ ಮೂರು ಸಲ ತೆಗೆದೆ. ಮಾವ ಏನಂದ್ಕೋತಾರೋ ಅಂತ ಇಟ್ಬಿಟ್ಟೆ.’

ನನಗೆ ಕೋಪ ಬರಬೇಕಿತ್ತು. ಯಾರ ಮೇಲೆ ಮಾಡಿಕೊಳ್ಳಲಿ? ಅವಳ ಮುಖ ನೋಡಿದೆ. ಏನಂದ್ಕೋತಾರೋ ಎಂಬುದನ್ನು ಅವಳು ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ, ನನ್ನ ಎದುರಿಗೇ ಕೂತು ಕಲಿತಿದ್ದಾಳೆ. ಮಗು, ತಪ್ಪು ನಿಂದಲ್ಲ ಎಂದು ಹೇಳಬೇಕೆನಿಸಿತು. ಅವಳ ತಲೆಯ ಮೇಲೆ ಕೈಯಿಟ್ಟೆ.

ಮನೆಗೆ ಬಂದು ಊಟಕ್ಕೆ ಕೂತಾಗ ಉಳಿದದ್ದನ್ನು ಹೇಳಿದಳು. ಈಗ ನಾಲ್ಕನೇ ಕೊಳಕ್ಕೂ ಬಂದಿದೆ. ನಾಳೆ ಬೆಳಿಗ್ಗೆ ತೂಬು ತೆಗೆಯುತ್ತಾರೆ. ಅವರ ಕಾಲುವೆಯ ಕೆಳಗೆ ಎಂಟು ಕೊಳಗಳಿವೆ. ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. ಮಗಳು ಕೈ ತೊಳೆದು ಬಂದು ಫೋನನ್ನು ಮೇಜಿನ ಮೇಲೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿ ನಂಬರು ಒತ್ತಿದಳು. ಎರಡು ಸಲ ತಪ್ಪು ಒತ್ತಿದಳು.

ಏನಮ್ಮ, ಸುಖವಾಗಿ ತಲುಪಿದ್ಯಾ ಎಂದು ಬೀಗರು ವಿಚಾರಿಸಿದರು. ಎಂದಿನ ಮೃದು ದನಿ.

‘ತಲುಪಿದೆ ಮಾವ. ನಾಳೆ ತೂಬು ತೆಗೀಬೇಡಿ. ಕೆಳಗಿನ ಎಂಟು ಜನಕ್ಕೂ ಇವತ್ತೇ ನೀವೇ ಹೇಳಿ. ನೀವು ಹೇಳಿದ್ರೆ ನಿಮಗೆ ಮರ್ಯಾದೆ. ಹೇಳದಿದ್ರೆ ನಾನು ಹೇಳ್ತೀನಿ.’

ನನ್ನ ಕೈ ತಾನಾಗಿಯೇ ಫೋನಿನ ಕಡೆಗೆ ಹೋಯಿತು. ಬೀಗರೇ, ಅವಳಿನ್ನೂ ಹುಡುಗಿ, ತಪ್ಪು ತಿಳ್ಕೋಬೇಡಿ, ನಾನು ಬುದ್ಧಿ ಹೇಳ್ತೀನಿ ಎಂಬ ಮಾತು ಬಾಯಲ್ಲಿ ಸಿದ್ಧವಾಗಿತ್ತು, ಅಷ್ಟೂ ವಾಕ್ಯ, ವ್ಯಾಕರಣ ಸಮೇತ. ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡು ಅದರ ಮೇಲೆ ಕೂತೆ. ಅರವತ್ತೊಂದು ವರ್ಷದ ಮೇಷ್ಟ್ರು, ಪೆಟ್ಟು ತಿಂದ ಹುಡುಗನಂತೆ ತನ್ನ ಕೈ ಮೇಲೆ ತಾನೇ ಕೂತದ್ದನ್ನು ನೋಡಿ ಹೆಂಡತಿಗೆ ನಗು ಬರಬೇಕಿತ್ತು. ಅವಳು ನಗಲಿಲ್ಲ.

ಮಗಳು ಫೋನ್ ಇಡಲಿಲ್ಲ, ನನ್ನ ಮುಖ ನೋಡಿದಳು. ನಾನು ಬಗ್ಗಿ ಫೋನಿಗೆ ಹತ್ತಿರವಾಗಿ ಹೇಳಿದೆ:

‘ಬೀಗರೇ, ನಾನೂ ಇಲ್ಲೇ ಇದ್ದೀನಿ. ಅವಳು ಹೇಳ್ತಿರೋದು ಸರಿ.’